ಕೆಮ್ಮಿಗೊಂದು ಬಿಸ್ಕತ್ತು

ನನ್ನ ಗಂಟಲಲ್ಲಿ ಊರಿನವರೆಲ್ಲರ ದನಿಯೂ ಇತ್ತು, ನನ್ನದೊಂದನ್ನು ಬಿಟ್ಟು. ಮದಕರಿಪುರದಲ್ಲಿ ಚಡ್ಡಿ ಹಾಕುವುದಕ್ಕೂ ಮೊದಲೇ ತೋಟದ ಬಾವಿಗೆ ಬಗ್ಗಿ ಕೂಗುವುದನ್ನು ಕಲಿತಿದ್ದೆ. ಬಾವಿ ತಿರುಗಿ ಕೂಗಿದರೆ ಅದರ ದಪ್ಪ ದನಿಯಲ್ಲೇ ಅದಕ್ಕೆ ಉತ್ತರ ಕೊಡುತ್ತಿದ್ದೆ. ಆಮೇಲೆ ಮೇಷ್ಟರು, ಬಸ್ಸಿನ ಕಂಡಕ್ಟರು, ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು ಬೈಯುವ ನಮ್ಮಜ್ಜಿ, ಯಾರೂ ಉಳಿಯಲಿಲ್ಲ. "ಇವ್ನು ನಾಟಕದ ಕಂಪ್ನಿಗೆ ಹೋಗ್ತಾನೆ, ಇಲ್ಲ ಜೈಲಿಗೆ ಹೋಗ್ತಾನೆ" ಅನ್ನುತ್ತಿದ್ದ ನಮ್ಮಪ್ಪ. ನಾನು ಎರಡರ ನಡುವೆ ರಾಜಿ ಮಾಡಿಕೊಂಡು ಪೊಲೀಸಾದೆ.

ಚಿತ್ರದುರ್ಗದಲ್ಲಿ ಕೋಟೆ ಬಂಡೆಯ ನೆರಳು ಸಂಜೆ ಬಂದು ಬೀಳುವಂಥ ಕಡೆ ನಮ್ಮ ಪೊಲೀಸ್ ಲೈನಿನ ಮನೆಗಳಿದ್ದವು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದಿತ್ತು, ನಮ್ಮ ಬೆಲ್ಟಿನ ಬಿಲ್ಲೆಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಮೇಲೆ ಖಾಕಿ ಚಡ್ಡಿ, ಕೆಳಗೆ ಕಾಲಿಗೆ ಸುತ್ತಿದ ಪಟ್ಟಿ, ನಡುವೆ ನನ್ನ ಎರಡು ಮಂಡಿಗಳು ಕವಣೆಗೆ ಸಿಕ್ಕಿಸಿದ ಕಲ್ಲಿನಂತೆ ಕಾಣುತ್ತಿದ್ದವಂತೆ. ಇದು ನನ್ನ ಮಾತಲ್ಲ, ಲೈನಿನ ಹೆಂಗಸರದು. ಒಂದು ಬೆಳಗ್ಗೆ ಕವಾಯತಿನಲ್ಲಿ, ಬಾಯಿ ತಡೆಯಲಾರದೆ, ಹವಾಲ್ದಾರರ ದನಿಯಲ್ಲಿ "ಅಬೌಟ್ ಟರ್ನ್" ಅಂದುಬಿಟ್ಟೆ. ಮೂವತ್ತು ಜನ ಗರಕ್ಕನೆ ತಿರುಗಿ ಹವಾಲ್ದಾರರಿಗೆ ಬೆನ್ನು ತೋರಿಸಿ ನಿಂತರು. ಅದೇ ಮಧ್ಯಾಹ್ನ ನನ್ನನ್ನು ನಾಯಿಗಳ ದಳಕ್ಕೆ ಹಾಕಿದರು. ಮನುಷ್ಯರ ಜೊತೆ ಇರಲು ಯೋಗ್ಯನಲ್ಲ ಅನ್ನುವುದು ಅದರ ಅರ್ಥ. ನನಗೇನೂ ಬೇಸರವಾಗಲಿಲ್ಲ.

ದಳ ಅನ್ನುವುದು ದೊಡ್ಡ ಮಾತು. ಇದ್ದದ್ದು ಒಂದು ಗೂಡು, ಒಂದು ವ್ಯಾನು, ಒಬ್ಬ ದಫೇದಾರರು, ಒಂದು ನಾಯಿ. ದಫೇದಾರರು ಹಿರಿಯೂರು ಕಡೆಯವರು. ಐವತ್ತರ ಹತ್ತಿರ ವಯಸ್ಸು. ಜನರ ಜೊತೆ ದಿನಕ್ಕೆ ಹತ್ತು ಮಾತು, ಅದೂ ಜಾಸ್ತಿಯಾಯಿತು ಅನ್ನುವ ಮುಖ. ನಾಯಿ ಹೆಣ್ಣು, ಅಲ್ಸೇಷಿಯನ್. ಕಾಗದದಲ್ಲಿ ಅದಕ್ಕೆ ಇಂಗ್ಲಿಷ್ ಹೆಸರೊಂದಿತ್ತು, ದಫೇದಾರರು ಕರೆಯುತ್ತಿದ್ದದ್ದು "ಅವ್ವಿ" ಅಂತ. ಅವ್ವಿಗೆ ಕಲಿಸಿದ್ದ ಅಪ್ಪಣೆಗಳೆಲ್ಲ ಇಂಗ್ಲಿಷಿನವು. ಅವಳಿಗೆ ಕನ್ನಡ ಬಾರದು, ದಫೇದಾರರಿಗೆ ಇಂಗ್ಲಿಷ್ ಬಾರದು. ಇಬ್ಬರ ನಡುವೆ ಇದ್ದ ಏಳೆಂಟು ಶಬ್ದಗಳಲ್ಲಿ ಅವರು ಒಂದು ಸಂಸಾರವನ್ನೇ ನಡೆಸುತ್ತಿದ್ದರು. "ಸ್ಮೆಲ್" ಅಂದರೆ ಮೂಸಬೇಕು. "ಸ್ಪೀಕ್" ಅಂದರೆ ಬೊಗಳಬೇಕು. ಮೂಸಿದ ವಾಸನೆಯ ಮನುಷ್ಯ ಸಿಕ್ಕರೆ ಮಾತ್ರ ಯಾರೂ ಹೇಳದೆ ಅವಳೇ ಬೊಗಳಬೇಕು. ಅವ್ವಿಯ ತಟ್ಟೆ ಖಾಲಿಯಾಗುವವರೆಗೆ ದಫೇದಾರರು ತಮ್ಮ ಬುತ್ತಿ ಬಿಚ್ಚುತ್ತಿರಲಿಲ್ಲ. ನಾಯಿಯೊಂದಕ್ಕೆ ಇಬ್ಬರು ಬೇಕು, ಒಬ್ಬ ಮಲಗಿದರೆ ಇನ್ನೊಬ್ಬ ಎಂಬುದು ಪದ್ಧತಿ. ಆ ಇನ್ನೊಬ್ಬ ನಾನು.

ಜನ ಅವ್ವಿಯನ್ನು ಎಷ್ಟು ನಂಬಿದ್ದರು ಎಂಬುದನ್ನು ಹೇಳಲೇಬೇಕು. ಹೊಸದುರ್ಗದ ಕಡೆ ಮರೆವು ಹತ್ತಿದ್ದ ಮುದುಕರೊಬ್ಬರು ಮನೆ ಬಿಟ್ಟು ಎರಡು ದಿನವಾಗಿತ್ತು. ಅವರ ಕಂಬಳಿ ಮೂಸಿದ ಅವ್ವಿ ತೆಂಗಿನ ತೋಟ ದಾಟಿ, ಬೆದ್ದಲು ಹೊಲ ದಾಟಿ, ಒಣಗಿದ ಹಳ್ಳದೊಳಗೆ ಇಳಿದು ನಿಂತು ಬೊಗಳಿದಳು. ಪೊದೆಯ ಕೆಳಗೆ ಮುದುಕರು ಕೂತಿದ್ದರು. ತುಟಿ ಒಡೆದಿತ್ತು, ಜೀವವಿತ್ತು. ಮಗನೊಬ್ಬ ಓಡಿ ಬಂದವನು ಅಪ್ಪನನ್ನು ಮುಟ್ಟುವ ಮೊದಲು ಅವ್ವಿಯ ಕಾಲು ಮುಟ್ಟಿದ. ಆ ಸುದ್ದಿ ನಮ್ಮ ವ್ಯಾನಿಗಿಂತ ಮೊದಲೇ ನಾಲ್ಕೂ ದಿಕ್ಕಿಗೆ ಹೋಗಿತ್ತು.

ಈಗ ನನ್ನ ಸಾಧನೆ. ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಮುಖ್ಯವಾದ ಮಾತು ಆಡುವ ಮೊದಲು ಕೆಮ್ಮುತ್ತಿದ್ದರು. ಎರಡು ಚಿಕ್ಕದು, ಒಂದು ಉದ್ದ. ಅದನ್ನು ನಾನು ಎಷ್ಟು ಚೆನ್ನಾಗಿ ಕೆಮ್ಮುತ್ತಿದ್ದೆನೆಂದರೆ ಲೈನಿನಲ್ಲಿ ಬೀಡಿ ಸೇದುವವರು ಬೀಡಿ ಬಿಸಾಕುತ್ತಿದ್ದರು. ಅಷ್ಟಕ್ಕೆ ತೃಪ್ತಿಯಾಗಬೇಕಿತ್ತು. ಮಧ್ಯಾಹ್ನ ದಫೇದಾರರು ಸ್ನಾನಕ್ಕೆ ಹೋದಾಗ ಅವ್ವಿಯ ಮುಂದೆ ಕೂತು ಸಾಹೇಬರಂತೆ ಕೆಮ್ಮಿ, "ಸ್ಪೀಕ್" ಅಂದೆ. ಬೊಗಳಿದಳು. ಜೇಬಿನಿಂದ ಬಿಸ್ಕತ್ತು ತೆಗೆದು ಕೊಟ್ಟೆ. ಹೀಗೆ ಎರಡು ಮಧ್ಯಾಹ್ನ. ಮೂರನೆಯ ದಿನ "ಸ್ಪೀಕ್" ಬೇಕಾಗಲಿಲ್ಲ. ಕೆಮ್ಮಿದರೆ ಬೊಗಳಿ ನನ್ನ ಜೇಬು ನೋಡುತ್ತಿದ್ದಳು.

ಲೈನಿನ ಹುಡುಗರಿಗೆ ಹಬ್ಬ. "ಲೇ, ಸಾಹೇಬ್ರನ್ನ ಕರೀಲೇ!" ಅನ್ನುವರು. ನಾನು ಕೆಮ್ಮುವೆ, ಅವ್ವಿ ಬೊಗಳುವಳು, "ನೋಡ್ರೋ, ನಾಯಿನೂ ಸೆಲ್ಯೂಟ್ ಹೊಡೀತೈತೆ" ಅಂತ ಹೊಟ್ಟೆ ಹಿಡಿದುಕೊಂಡು ನಗುವರು. ಅವರ ನಗು ನನಗೆ, ಬಿಸ್ಕತ್ತು ಅವ್ವಿಗೆ. ಇಬ್ಬರೂ ಒಂದೇ ಜಾತಿಯ ಕೂಲಿಯಾಳುಗಳು ಎಂದು ಈಗ ಅನ್ನಿಸುತ್ತದೆ.

ಹೊಳಲ್ಕೆರೆ ಕಡೆಯ ಒಂದು ಹಳ್ಳಿಯ ಗೌಡರ ಮನೆಯಲ್ಲಿ ಅವರ ತಾಯಿಯ ಕಾಸಿನ ಸರ ಕಳುವಾಯಿತು. ಟ್ರಂಕಿನ ಚಿಲಕ ಮೀಟಿ, ಸರ ಸುತ್ತಿದ್ದ ಬಟ್ಟೆಯನ್ನು ಹಿತ್ತಲಲ್ಲಿ ಎಸೆದು ಹೋಗಿದ್ದರು. ಮಾರನೆಯ ಬೆಳಗ್ಗೆ ನಾವು ಹೋದೆವು. ವ್ಯಾನು ನಿಲ್ಲುತ್ತಿದ್ದಂತೆ ದಫೇದಾರರ ಮುಖ ನೋಡಿದೆ. ಅದು ಕಪ್ಪಿಟ್ಟಿತ್ತು.

ದೊಡ್ಡವರು ಬರುತ್ತಾರೆಂದು ಗೌಡರ ಮನೆಯವರು ಮನೆಯನ್ನು ಅಣಿಗೊಳಿಸಿದ್ದರು. ಅಂಗಳಕ್ಕೆ, ಹಿತ್ತಲಿಗೆ, ಬೀದಿಯ ತಿರುವಿನವರೆಗೆ ಸಗಣಿ ನೀರು ಹಾಕಿ ಸಾರಿಸಿ, ಮೇಲೆ ರಂಗೋಲಿ ಎಳೆದಿದ್ದರು. ಕಳ್ಳನ ಕೈ ತಾಗಿದ ಬಟ್ಟೆ ಮೈಲಿಗೆಯಾಯಿತೆಂದು ಅದನ್ನು ಒಗೆದು, ಒಣಗಿಸಿ, ಮಡಚಿ, ಹಿತ್ತಾಳೆ ತಟ್ಟೆಯಲ್ಲಿ ಇಟ್ಟು ತಂದರು. ಪಕ್ಕದಲ್ಲಿ ಅವ್ವಿಗೆಂದು ಅರಿಶಿನ ಕುಂಕುಮ.

"ಬರ್ರಿ ಸ್ವಾಮಿ, ಬರ್ರಿ. ಯಾವ್ದೂ ಮುಟ್ಟಿಲ್ಲ, ಎಲ್ಲಾ ಚೊಕ್ಕಟ ಮಾಡಿಟ್ಟಿದೀವಿ" ಅಂದರು ಗೌಡರ ತಾಯಿ. ಎಪ್ಪತ್ತು ದಾಟಿದ ಮುದುಕಿ, ಬರಿಗೊರಳು.

ದಫೇದಾರರು ಕೆಳದನಿಯಲ್ಲಿ ನನಗೆ, "ಕಳ್ಳನ ಕಾಲ್ದಾರಿ ಎಲ್ಲಾ ಒರಸಿಬಿಟ್ಟವರೆ ಕಣಪ್ಪ. ಇನ್ನೇನು ಮೂಸ್ತಾಳೆ ನನ್ ಮಗಳು?" ಅಂದರು.

ಅವ್ವಿ ಸಗಣಿ ಮೂಸಿದಳು, ರಂಗೋಲಿ ಪುಡಿಗೆ ಸೀನಿದಳು, ಬೀದಿಯ ತಿರುವಿಗೆ ಹೋಗಿ ಸುಮ್ಮನೆ ಕೂತಳು. ಅಷ್ಟರಲ್ಲಿ ಜೀಪಿನಲ್ಲಿ ಸಾಹೇಬರೂ ಬಂದಿಳಿದರು. ಇನ್ನು ವಾಸನೆ ಹಿಡಿಯಲು ಆಗದು ಅಂತ ದಫೇದಾರರು ಹೇಳಿ ನೋಡಿದರು. ಊರಿಗೆ ಊರೇ ಮಾಳಿಗೆ ಹತ್ತಿ ನಿಂತಿತ್ತು. "ಇಷ್ಟು ದೂರ ಬಂದಿದೀವಿ. ಮನೆಗೆ ಬಂದು ಹೋದವರನ್ನ ಸಾಲಾಗಿ ನಿಲ್ಲಿಸಿ ಒಂದು ಸುತ್ತು ಹೊಡೆಸಯ್ಯ" ಅಂದರು ಸಾಹೇಬರು. ಅವ್ವಿಗೆ ಮೂಸಿಸಲು ಉಳಿದಿದ್ದದ್ದು ಟ್ರಂಕಿನ ಚಿಲಕ ಒಂದೇ. ಅದನ್ನು ಅಷ್ಟರಲ್ಲಿ ಹತ್ತು ಜನ ಮುಟ್ಟಿ ನೋಡಿದ್ದರು.

ಸಾಲಿನಲ್ಲಿ ಹನ್ನೊಂದು ಜನ ನಿಂತರು. ಎಂಟನೆಯವನು ಬಾವಿ ತೋಡುವವನು, ಅದೇ ಊರಿನವನು. ಗೌಡರ ಹಿತ್ತಲ ಬಾವಿ ಬತ್ತಿತ್ತು, ಅದನ್ನು ಇನ್ನೂ ಆಳ ಮಾಡಲು ಆ ವಾರವೆಲ್ಲ ಇಳಿದಿದ್ದ. ಮೈಗೆ ಅಂಟಿದ್ದ ಕೆಮ್ಮಣ್ಣು ಇನ್ನೂ ಹೋಗಿರಲಿಲ್ಲ. ದಫೇದಾರರು ಹಗ್ಗ ಸಡಿಲ ಬಿಟ್ಟು ಅವ್ವಿಯನ್ನು ನಡೆಸುತ್ತಿದ್ದರು. ಐದನೆಯವನು, ಆರು, ಏಳು. ಯಾರ ಮುಂದೆಯೂ ನಿಲ್ಲಲಿಲ್ಲ. ಎಂಟನೆಯವನ ಕಾಲಿನ ಹತ್ತಿರ ಬಂದಳು. ಜಗಲಿಯ ಮೇಲೆ ಕುರ್ಚಿಯಲ್ಲಿ ಕೂತಿದ್ದ ಸಾಹೇಬರು ಏನೋ ಹೇಳಬೇಕೆಂದುಕೊಂಡರು ಅಂತ ಕಾಣುತ್ತದೆ.

ಕೆಮ್ಮಿದರು. ಎರಡು ಚಿಕ್ಕದು, ಒಂದು ಉದ್ದ.

ಅವ್ವಿ ಬೊಗಳಿದಳು. ಬೊಗಳಿ ಆ ಮನುಷ್ಯನನ್ನು ನೋಡಲಿಲ್ಲ, ಹಿಂದೆ ತಿರುಗಿ ನನ್ನ ಜೇಬು ನೋಡಿದಳು. ಅಭ್ಯಾಸಬಲದಿಂದ ನನ್ನ ಕೈ ಜೇಬಿನೊಳಕ್ಕೆ ಹೋಯಿತು. ಬಿಸ್ಕತ್ತು ಬೆರಳಿಗೆ ತಾಗಿತು. ಕೈ ಅಲ್ಲೇ ನಿಂತಿತು.

ಮಾಳಿಗೆಗಳ ಮೇಲಿಂದ ಒಂದೇ ಸಲ ಉಸಿರು ಬಿಟ್ಟಂಥ ಸದ್ದು. "ಇವ್ನೇ!" ಅಂದರು ಯಾರೋ. "ಅದಕ್ಕೇನು ಇವನ ಮ್ಯಾಲೆ ದ್ವೇಷಾನಾ? ಬೊಗಳ್ತು ಅಂದ್ರೆ ಇವ್ನೇ" ಅಂತ ಇನ್ನೊಬ್ಬರು. ಪಕ್ಕದಲ್ಲಿದ್ದ ಏಳನೆಯವನೂ ಒಂಬತ್ತನೆಯವನೂ ಎರಡೆರಡು ಹೆಜ್ಜೆ ಆಚೆಗೆ ಸರಿದರು.

ಆ ಮನುಷ್ಯ ತಪ್ಪಿಸಿಕೊಳ್ಳಲು ನೋಡಲಿಲ್ಲ, ಕೂಗಾಡಲಿಲ್ಲ. ಅವ್ವಿಯನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ದಫೇದಾರರಿಗೆ ಹೇಳಿದ: "ನನ್ ಮುಂದೆ ಬೊಗಳ್ತಲ್ಲ ಸ್ವಾಮಿ. ನಾನೇ ಏನಾರ ಮಾಡಿದ್ನೇನೋ. ನಂಗೇ ಗೊತ್ತಿಲ್ದಂಗೆ."

ಅವನ ಹೆಂಡತಿ ರಾಗಿ ಬೀಸುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅಳಲಿಲ್ಲ. ಬಂದಷ್ಟೇ ಬೇಗ ತಿರುಗಿ ಮನೆಗೆ ಹೋಗಿ ಒಳಗಿದ್ದದ್ದನ್ನೆಲ್ಲ ತಂದು ಬೀದಿಯಲ್ಲಿಡತೊಡಗಿದಳು. ಗಡಿಗೆ, ಕೌದಿ, ಮೊರ, ಎರಡು ಸೀರೆ, ಒಂದು ಲಾಟೀನು, ಅಕ್ಕಿಯ ಡಬ್ಬ. ಡಬ್ಬದ ಮುಚ್ಚಳ ತೆಗೆದು ನೆಲಕ್ಕೆ ಸುರಿದಳು. "ನೋಡ್ರಿ ಸ್ವಾಮಿ. ಇಷ್ಟೇ ಇರಾದು. ನೋಡ್ರಿ." ಇಡೀ ಮನೆ ಒಂದು ಗಾಡಿ ನಿಲ್ಲುವಷ್ಟು ಜಾಗದಲ್ಲಿ ಹಿಡಿಸಿತ್ತು. ಯಾರೂ ಹತ್ತಿರ ಹೋಗಿ ನೋಡಲಿಲ್ಲ. ನೋಡುವ ಅಗತ್ಯ ಮುಗಿದಿತ್ತು.

ನಾನು? ನನಗೆ ಆವತ್ತಿಗೆ ನಲವತ್ತು ಜನರ ದನಿ ಬರುತ್ತಿತ್ತು. ಒಂದೂ ಬಾಯಿಗೆ ಬರಲಿಲ್ಲ.

ಅವನನ್ನು ಠಾಣೆಗೆ ಕರೆದೊಯ್ಯಲು ಜೀಪು ಹತ್ತಿಸುತ್ತಿದ್ದಾಗ ನಮ್ಮ ವ್ಯಾನು ಹೊರಟಿತು. ಅವ್ವಿ ನನ್ನ ಬೂಟಿನ ಮೇಲೆ ತಲೆ ಇಟ್ಟು ಮಲಗಿದಳು. ಊರಾಚೆಯ ಕೆರೆ ಏರಿ ಬಂದಾಗ ದಫೇದಾರರು ನನ್ನ ಕಡೆ ತಿರುಗಿದರು. "ಬೊಗಳಿ ಅವನ್ನ ನೋಡ್ಲಿಲ್ಲ. ನಿನ್ ಜೇಬು ನೋಡಿದ್ಲು. ನೀನೂ ಕೈ ಹಾಕ್ದೆ. ಯಾಕ್ಲೇ?" ಅಂದರು.

ಇಂಥ ಹೊತ್ತಿನಲ್ಲಿ ನಾನು ಬೇರೆಯವರ ದನಿಯ ಹಿಂದೆ ಹೋಗಿ ಅವಿತುಕೊಳ್ಳುವವನು. ನಮ್ಮಜ್ಜಿಯ ದನಿಯಲ್ಲಿ ಏನಾದರೂ ಅಂದು ನಗಿಸಿಬಿಡೋಣ ಎಂದು ಬಾಯಿ ತೆರೆದೆ. ಬರೀ ಗಾಳಿ ಬಂತು. ಎರಡನೆಯ ಸಲ ತೆರೆದಾಗ ಎಲ್ಲವನ್ನೂ ಹೇಳಿದೆ: ಕೆಮ್ಮು, ಬಿಸ್ಕತ್ತು, ಮಧ್ಯಾಹ್ನ, ಲೈನಿನ ಹುಡುಗರು.

ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ದಫೇದಾರರು ಬಗ್ಗಿ ಅವ್ವಿಯ ಕಿವಿ ಸವರಿದರು. "ಎಂಟು ವರ್ಷ" ಅಂದರು. "ಎಂಟು ವರ್ಷದಾಗೆ ಒಂದ್ಸಲಾನೂ ಸುಳ್ಳು ಬೊಗಳಿರ್ಲಿಲ್ಲ ಕಣಪ್ಪ." ಡ್ರೈವರನ ಬೆನ್ನ ಹಿಂದಿನ ತಗಡನ್ನು ಬಡಿದರು. "ತಿರುಗ್ಸಪ್ಪ. ವಾಪಸ್ ಹೋಗಾಣ."

"ದಫೇದಾರ್ರೆ, ನನ್ ಕೆಲ್ಸ ಹೋಗುತ್ತೆ."

"ಹೋಗ್ಲಿ. ಅವಂದು ಏನು ಹೋಗ್ತೈತೆ ಅಂತ ಬೀದೀಲಿ ಹರವಿದ್ಲಲ್ಲ, ನೋಡ್ಲಿಲ್ವಾ?"

ಜೀಪು ಇನ್ನೂ ಹೊರಟಿರಲಿಲ್ಲ. ಸಾಹೇಬರಿಗೆ ಗೌಡರ ಮನೆಯಲ್ಲಿ ಮಜ್ಜಿಗೆ ಕೊಟ್ಟಿದ್ದರು. ಬಾವಿಯವನು ಜೀಪಿನ ಹಿಂಭಾಗದಲ್ಲಿ ಕಾಲು ಮಡಚಿ ಕೂತಿದ್ದ. ಬೀದಿಯಲ್ಲಿ ಕೌದಿ, ಗಡಿಗೆಗಳು ಹಾಗೇ ಇದ್ದವು. ನಾನು ಹೋಗಿ ಸಾಹೇಬರ ಮುಂದೆ ಅಟೆನ್ಷನ್ನಿಗೆ ನಿಂತೆ.

"ಸಾರ್, ನಾಯಿ ಬೊಗಳಿದ್ದು ಅವನಿಗಲ್ಲ ಸಾರ್."

"ಮತ್ತೆ?"

"ತಮ್ಮ ಕೆಮ್ಮಿಗೆ ಸಾರ್."

ಮಜ್ಜಿಗೆ ಲೋಟ ಜಗಲಿಯ ಮೇಲೆ ಇಳಿಯಿತು. "ಏನಯ್ಯಾ ಅಂದೆ?"

"ಮಾಡಿ ತೋರಿಸ್ತಾನೆ ಸಾಹೇಬ್ರೆ" ಅಂದರು ಹಿಂದಿನಿಂದ ದಫೇದಾರರು. ಅವ್ವಿಯ ಹಗ್ಗವನ್ನು ನನ್ನ ಕೈಗೆ ಕೊಟ್ಟರು.

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮಾಡು. ಇಲ್ಲೇ. ಎಲ್ಲರ ಮುಂದೆ."

ಅಂಗಳದ ಕಲ್ಲುಕಂಬದ ಮುಂದೆ ಅವ್ವಿಯನ್ನು ನಿಲ್ಲಿಸಿ ಕೆಮ್ಮಿದೆ. ಕಂಬಕ್ಕೆ ಬೊಗಳಿದಳು, ನನ್ನ ಜೇಬು ನೋಡಿದಳು. ಗೌಡರ ಮುಂದೆ ನಿಲ್ಲಿಸಿ ಕೆಮ್ಮಿದೆ. ಗೌಡರಿಗೆ ಬೊಗಳಿದಳು. ರಂಗೋಲಿಗೆ, ಎತ್ತಿನ ಗಾಡಿಗೆ, ಮಜ್ಜಿಗೆ ಲೋಟಕ್ಕೆ ಬೊಗಳಿದಳು. ಬಾಲ ಅಲ್ಲಾಡುತ್ತಿತ್ತು, ಇವತ್ತು ಇಷ್ಟು ಬಿಸ್ಕತ್ತು ಬಾಕಿ ಅನ್ನುವ ಖುಷಿ. ಲೈನಿನಲ್ಲಿ ಈ ಆಟಕ್ಕೆ ನಗದವರಿರಲಿಲ್ಲ. ಇಲ್ಲಿ ಮಾಳಿಗೆ ತುಂಬ ನಿಂತವರಲ್ಲಿ ಒಂದು ಮಗುವೂ ನಗಲಿಲ್ಲ. ಅಷ್ಟು ಚೆನ್ನಾಗಿ ನಾನು ಆ ಕೆಮ್ಮನ್ನು ಅದಕ್ಕೆ ಮುಂಚೆ ಕೆಮ್ಮಿರಲಿಲ್ಲ.

ಕೊನೆಗೆ ಸಾಹೇಬರು ಎದ್ದು ಕೆಳಗಿಳಿದು ಬಂದು ಅವ್ವಿಯ ಎದುರು ನಿಂತು ತಾವೇ ಕೆಮ್ಮಿದರು. ಅವ್ವಿ ಅವರ ಬೂಟಿಗೆ ಬೊಗಳಿದಳು. ಅವರು ಕರ್ಚೀಫಿನಿಂದ ಬಾಯಿ ಒರೆಸಿಕೊಂಡು, "ಇಳಿಸ್ರಿ ಅವನ್ನ" ಅಂದರು. ನನ್ನ ಕಡೆ ನೋಡಲಿಲ್ಲ.

ಕೆಲಸ ಹೋಗಲಿಲ್ಲ. ಹದಿನೈದು ದಿನ ಬಿಸಿಲಲ್ಲಿ ಬಂದೂಕು ಎತ್ತಿ ಹಿಡಿದು ಮೈದಾನ ಸುತ್ತಿದೆ. ಮಂಡಿಗಳ ಬಗ್ಗೆ ಹೆಂಗಸರಿಗೆ ಹೊಸ ಮಾತು ಸಿಕ್ಕಿತು. ಶಿಕ್ಷೆ ಅದಲ್ಲ. ಆ ಕೆಮ್ಮಿನ ಪಾಠ ಮರೆಯುವವರೆಗೆ ಅವ್ವಿಯನ್ನು ಕೆಲಸಕ್ಕೆ ಕಳಿಸುವಂತಿಲ್ಲ ಎಂದು ಆಜ್ಞೆಯಾಯಿತು. ಮರೆಸಬೇಕಾದವನು ನಾನೇ. ದಿನಾ ಬೆಳಗ್ಗೆ ದಫೇದಾರರ ಎದುರಿಗೆ ಕೂತು ಕೆಮ್ಮಬೇಕು. ಅವ್ವಿ ಬೊಗಳುವಳು. ಏನನ್ನೂ ಕೊಡಬಾರದು, ಬೈಯಬಾರದು, ಮುಖವನ್ನೂ ನೋಡಬಾರದು. ಜೇಬು ನೋಡುವಳು, ಮುಖ ನೋಡುವಳು, ಮತ್ತೆ ಜೇಬು. ಕಲಿಸಲು ಎರಡು ಮಧ್ಯಾಹ್ನ ಸಾಕಾಗಿತ್ತು, ಮರೆಸಲು ಎರಡು ತಿಂಗಳು ಹಿಡಿಯಿತು. ಒಂದು ದಿನ ಕೆಮ್ಮಿದಾಗ ತಲೆ ಎತ್ತಿ ನೋಡಿ, ಮತ್ತೆ ಮುಂಗಾಲ ಮೇಲೆ ಇಟ್ಟುಕೊಂಡಳು. ದಫೇದಾರರು "ಸಾಕು" ಅಂದರು. ಎರಡು ತಿಂಗಳಲ್ಲಿ ನನಗೆ ಅವರು ಆಡಿದ ಮೊದಲ ಮಾತು.

ಎರಡನೆಯದು: "ಅವಂಗೆ ಯಾರೂ ಬಾವಿ ಕೆಲಸ ಕೊಡ್ತಿಲ್ವಂತೆ."

ಆ ಕಡೆಯ ಠಾಣೆಯ ಪೇದೆಯೊಬ್ಬ ಹೇಳಿದ್ದನಂತೆ. ಬಿಟ್ಟು ಕಳಿಸಿದರೂ ಹಿತ್ತಲಿಗೆ ಬಿಟ್ಟುಕೊಳ್ಳುವವರಿರಲಿಲ್ಲ. ಸರವೂ ಸಿಕ್ಕಿರಲಿಲ್ಲ, ನನಗೆ ತಿಳಿದಮಟ್ಟಿಗೆ ಇವತ್ತಿಗೂ ಸಿಕ್ಕಿಲ್ಲ. ಬಾವಿಯವನು ಹೊಸದುರ್ಗದ ರಸ್ತೆ ಬದಿಯಲ್ಲಿ ಜಲ್ಲಿ ಒಡೆಯುತ್ತಿದ್ದ. ನಾವು ಹೋದಾಗ ಅವ್ವಿಯನ್ನು ಕಂಡು ಸುತ್ತಿಗೆ ಕೆಳಗಿಟ್ಟು ಎದ್ದು ನಿಂತ, ಸಾಲಿನಲ್ಲಿ ನಿಂತಂತೆಯೇ.

"ಮತ್ಯಾಕೆ ಬಂದ್ರಿ ಸ್ವಾಮಿ?"

"ಊರವ್ರಿಗೆ ನಾಯಿ ತೋರ್ಸಾಣ ಅಂತ" ಅಂದರು ದಫೇದಾರರು. "ಇನ್ನು ಬೊಗಳಲ್ಲ."

"ಅವತ್ತೇ ನೋಡ್ಯಾರಲ್ಲ" ಅಂದ. ಆದರೂ ಬಂದ.

ಗೌಡರ ಮನೆ ಮುಂದೆ ಅದೇ ಜಾಗದಲ್ಲಿ ಅವನನ್ನು ನಿಲ್ಲಿಸಿ, ಅವ್ವಿಯನ್ನು ನಿಲ್ಲಿಸಿ, ನಾನು ಕೆಮ್ಮಿದೆ. ಅವ್ವಿ ಸುಮ್ಮನಿದ್ದಳು. ಇನ್ನೊಮ್ಮೆ. ಸುಮ್ಮನಿದ್ದಳು. ಆಗ ಗುಂಪಿನಲ್ಲಿದ್ದ ಒಬ್ಬ, ತಮಾಷೆಗಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ: "ಅವತ್ತು ಬೊಗಳ್ತು. ಇವತ್ತು ಬೊಗಳ್ಲಿಲ್ಲ. ಯಾವುದ್ನ ನಂಬಾಣಪ್ಪ?"

ನಾಯಿಗೆ ಮರೆಸುವ ಕ್ರಮ ನಮಗೆ ಗೊತ್ತಿತ್ತು. ಊರಿಗೆ ಮರೆಸುವ ಕ್ರಮ ಗೊತ್ತಿರಲಿಲ್ಲ.

ಬಾಗಿಲಲ್ಲಿ ಗೌಡರ ತಾಯಿ ನಿಂತಿದ್ದರು. ಅದೇ ಬರಿಗೊರಳು. "ಕಳ್ಳನ ಹೆಜ್ಜೆ ಅಳಿಸ್ದೋಳು ನಾನು" ಅಂದರು. "ಈ ದಫೇದಾರ್ರು ಅವತ್ತೇ ಮುಖ ಸಣ್ಣಗೆ ಮಾಡ್ಕಂಡಿದ್ರು, ನಂಗೆ ಆಮೇಲೆ ತಿಳೀತು. ನನ್ ಸಗಣಿ ನೀರಿಗೆ ಇವನ್ಯಾಕೆ ಜಲ್ಲಿ ಒಡೀಬೇಕು?" ಮೆಟ್ಟಿಲು ಇಳಿದು ಅವನ ಎದುರಿಗೆ ಬಂದರು. "ಹಿತ್ಲ ಬಾವಿ ಅರ್ಧಕ್ಕೆ ನಿಂತೈತೆ. ಏನಪ್ಪ, ಯಾವಾಗ ಇಳೀತೀಯ?"

ಅವನು ಕೈಗೆ ಅಂಟಿದ್ದ ಜಲ್ಲಿ ಪುಡಿ ಕೊಡವಿಕೊಂಡ. "ಹಾರೆ ಮನೇಲೈತಮ್ಮ" ಅಂದ.

"ತರಿಸ್ಕ."

ಅವನ ಹೆಂಡತಿ ಹಾರೆ ತಂದಳು. ಎಲ್ಲರೂ ಹಿತ್ತಲಿಗೆ ಹೋದೆವು. ನಡುವಿಗೆ ಹಗ್ಗ ಬಿಗಿದುಕೊಂಡ. ಇನ್ನೊಂದು ತುದಿ ಹಿಡಿಯಲು ನಾನು ಕೈ ಚಾಚಿದೆ. ಅವನು ನನ್ನ ಕೈಯನ್ನು ನೋಡಿದ, ಆಮೇಲೆ ನನ್ನ ಮುಖವನ್ನು.

"ನೀವು ಬ್ಯಾಡ" ಅಂದ. ಸಿಟ್ಟಿರಲಿಲ್ಲ, ಆಳ ಬಲ್ಲವನ ಲೆಕ್ಕಾಚಾರವಿತ್ತು. "ದಫೇದಾರ್ರು ಹಿಡ್ಕಳ್ಲಿ."

ದಫೇದಾರರು ಅವ್ವಿಯ ಹಗ್ಗವನ್ನು ನನಗೆ ಕೊಟ್ಟು ಅವನ ಹಗ್ಗವನ್ನು ಹಿಡಿದರು. ಅವನು ಇಳಿದ. ತಲೆ ಮರೆಯಾಯಿತು. ಕೆಳಗಿನಿಂದ ದನಿ ಬಂತು: "ಬಿಡ್ರಿ. ಇನ್ನೊಂದು ಮೊಳ ಬಿಡ್ರಿ."

ಬಾವಿ ಅದನ್ನೇ ತನ್ನ ದಪ್ಪ ದನಿಯಲ್ಲಿ ಹೇಳಿತು. ಅವ್ವಿ ಕಿವಿ ನಿಮಿರಿಸಿ ನನ್ನ ಕಡೆ ತಿರುಗಿದಳು. ಜೇಬಿನ ಕಡೆಯಲ್ಲ, ಆ ದನಿ ನನ್ನದೇನೋ ಎಂಬಂತೆ ಬಾಯಿಯ ಕಡೆ. ನಾನು ಬಾಯಿ ಬಿಗಿಹಿಡಿದು ನಿಂತೆ.